22 ಅಕ್ಷರಗಳ ಅಣುವೂ ಬಾಯಿ ಕ್ಯಾನ್ಸರೂ

2013ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಆ ವರ್ಷದ ಆರಂಭದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಾಯಿ ಕ್ಯಾನ್ಸರ್ ಕುರಿತು ಒಂದು ಮುಖ್ಯ ಸಂಶೋಧನೆ ಪ್ರಕಟವಾಗಿತ್ತು. ಕಲಬುರಗಿಯ ಗಾಜಿಪುರದಲ್ಲಿ, ಅತ್ತ ಕಮಲಾಪುರದಲ್ಲಿ ಅಡಿಕೆ-ತಂಬಾಕು ಜಗಿಯುವವರು ಇರುವ ಪ್ರತಿ ಮನೆಗೂ ಸಂಬಂಧಪಟ್ಟ ವಿಷಯ ಅದು.

ಸಂಸ್ಥೆಯ ಪ್ರೊ. ಅರುಣ್ ಕುಮಾರ್ ಅವರ ತಂಡ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯರ ಜೊತೆಗೂಡಿ ರೋಗಿಗಳ ಬಾಯಿಯ ಗಡ್ಡೆಗಳನ್ನು ಪರೀಕ್ಷಿಸಿತು. ಸಿಡಿಸಿ73 ಎಂಬ ಜೀನ್ ಜೀವಕೋಶ ಹದ್ದುಮೀರಿ ಬೆಳೆಯದಂತೆ ತಡೆಯುವಂಥದ್ದು. ಗಡ್ಡೆಗಳಲ್ಲಿ ಅದರ ಪ್ರೋಟೀನ್ ಕುಗ್ಗಿತ್ತು. ಅನೇಕ ಗಡ್ಡೆಗಳಲ್ಲಿ ಅದನ್ನು ಅದುಮುತ್ತಿದ್ದದ್ದು ಮೈಕ್ರೊ ಆರ್‌ಎನ್‌ಎ-155 ಎಂಬ ಪುಟ್ಟ ಅಣು. ಇಲಿಗಳಲ್ಲಿ ಬೆಳೆಸಿದ ಗಡ್ಡೆಗೆ ಈ ಅಣುವನ್ನು ಕಟ್ಟಿಹಾಕುವ ವಸ್ತು ಕೊಟ್ಟಾಗ ಸಿಡಿಸಿ73 ಮತ್ತೆ ಚೇತರಿಸಿತು, ಗಡ್ಡೆ ಕರಗತೊಡಗಿತು. ನಮ್ಮದೇ ರಾಜ್ಯದ ರೋಗಿಗಳಿಂದ ಹೊರಟ ಈ ತಿಳಿವಳಿಕೆಗೆ ಇನ್ನೂ ಹೆಚ್ಚಿನ ಪ್ರಚಾರ ಸಿಗಬೇಕಿತ್ತು.

ಜೀನ್‌ನ ಸೂಚನೆಯನ್ನು ಮೆಸೆಂಜರ್ ಆರ್‌ಎನ್‌ಎ ಹೊತ್ತು ತರುತ್ತದೆ, ಅದನ್ನು ಓದಿ ಕೋಶ ಪ್ರೋಟೀನ್ ಕಟ್ಟುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೊ ಆರ್‌ಎನ್‌ಎ ಆ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಗೆ ಬ್ರೇಕ್ ಹಾಕುತ್ತದೆ. ಒಂದೇ ಅಣು ಹತ್ತಾರು ಜೀನ್‌ಗಳನ್ನು ಹಿಡಿಯಬಲ್ಲದು. ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ 1993ರಲ್ಲಿ ಇದನ್ನು ಮೊದಲು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಕ್ಯಾನ್ಸರ್ ಜೊತೆಗಿನ ನಂಟು 2002ರಲ್ಲಿ ಕಾರ್ಲೊ ಕ್ರೋಚೆ ತಂಡದಿಂದ ಗೊತ್ತಾಯಿತು: ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಇಂಥ ಎರಡು ಅಣುಗಳು ಕಾಣೆಯಾಗಿದ್ದವು. ಅಂದರೆ ಕೆಲವು ಹೆಚ್ಚಾದರೆ ಅಪಾಯ, ಕೆಲವು ಕಡಿಮೆಯಾದರೆ ಅಪಾಯ.

ಒಂದೇ ಔಷಧಿ ಒಬ್ಬರಿಗೆ ಹಿಡಿಸುತ್ತದೆ, ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ದವಾಖಾನೆಯ ಬಾಗಿಲಲ್ಲಿ ಕಾಯುವ ಮನೆಯವರನ್ನು ಕಾಡುವ ಪ್ರಶ್ನೆ ಇದೇ. ಇದರ ಉತ್ತರದ ಒಂದು ಪಾಲು ಈ ಅಣುಗಳಲ್ಲಿದೆ. ಮೈಕ್ರೊ ಆರ್‌ಎನ್‌ಎ-21 ಹೆಚ್ಚಿದಾಗ ಕೋಶಗಳನ್ನು ಸಾಯಿಸಲು ನೆರವಾಗುವ ಪ್ರೋಟೀನ್‌ಗಳು ಇಳಿಯುತ್ತವೆ, ಸಿಸ್‌ಪ್ಲಾಟಿನ್‌ನಂಥ ಕೀಮೊ ಔಷಧಿಗೂ ಕ್ಯಾನ್ಸರ್ ಕೋಶ ಬಗ್ಗದಿರಬಹುದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಈ ಅಣುಗಳು ರಕ್ತದಲ್ಲೂ ಬೇಗ ಒಡೆಯದೆ ಉಳಿಯುತ್ತವೆ. ಆದ್ದರಿಂದ ರಕ್ತ ಪರೀಕ್ಷೆಯಿಂದಲೇ ಚಿಕಿತ್ಸೆಯ ಫಲ ಅಳೆಯುವ ಆಸೆ ಚಿಗುರಿದೆ. ಆದರೆ ಲ್ಯಾಬ್‌ನಿಂದ ಲ್ಯಾಬ್‌ಗೆ ಅಳತೆ ಬದಲಾಗುತ್ತಿದೆ, ಮಾದರಿಯ ರಕ್ತಕಣ ಒಡೆದರೂ ಫಲಿತಾಂಶ ಕೆಡುತ್ತದೆ.

ಔಷಧಿಯ ದಾರಿಯೂ ಸಲೀಸಲ್ಲ. ಮೈಕ್ರೊ ಆರ್‌ಎನ್‌ಎ-34ರ ನಕಲನ್ನು ರೋಗಿಗಳಿಗೆ ಕೊಟ್ಟು ಅಮೆರಿಕದಲ್ಲಿ 2013ರಲ್ಲಿ ಶುರುವಾದ ಮೊದಲ ಪ್ರಯೋಗ, ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದ 2016ರಲ್ಲಿ ನಿಂತಿತು. ಹೀಗಿರುವಾಗ ಮೈಕ್ರೊ ಆರ್‌ಎನ್‌ಎ ಚಿಕಿತ್ಸೆ ಎಂದು ಯಾರಾದರೂ ದುಬಾರಿ ಔಷಧಿ ಮಾರಲು ಬಂದರೆ ನಂಬಬಾರದು.

ಸಂಶೋಧನೆ ನಡೆಯಲಿ, ಅದಕ್ಕೆ ಹಣವೂ ಸಿಗಲಿ. ಅದು ಫಲ ಕೊಡುವವರೆಗೆ ಬಾಯಿ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚುವುದಕ್ಕಿಂತ ದೊಡ್ಡ ಔಷಧಿ ನಮ್ಮ ಕೈಯಲ್ಲಿಲ್ಲ. ಬಾಯಲ್ಲಿ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ ತಡ ಮಾಡಬೇಡಿ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತುವ ಮೊದಲು ಅಲ್ಲಿ ತೋರಿಸಿ.