ಹರಿಯುವ ನೀರಿನಲ್ಲಿ ಅನ್ನದ ಪೈಪೋಟಿ

ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಉಪಾಹಾರಗೃಹಗಳು ತೆರೆದುವೆಂದರೆ ಕೊನೆಗೆ ಉಳಿಯುವುದು ಯಾವುದು? ಜನಸಂದಣಿಯ ದಿನ ಹೆಚ್ಚು ವ್ಯಾಪಾರ ಮಾಡುವುದೇ ಉಳಿಯುತ್ತದೆಂದು ಮೊದಲ ನೋಟಕ್ಕೆ ತೋರುತ್ತದೆ. ಗಲ್ಲೆಯಲ್ಲಿ ಕುಳಿತು ಲೆಕ್ಕ ಬರೆದವರ ಅನುಭವವು ಬೇರೆ. ಗಿರಾಕಿ ಕಡಿಮೆಯಾದ ದಿನವೂ ಬಾಡಿಗೆ, ಸಂಬಳಗಳ ಖರ್ಚನ್ನು ಹೊರಡಿಸಿಕೊಳ್ಳಬಲ್ಲುದೇ ಉಳಿಯುತ್ತದೆಂದು ಅವರು ಬಲ್ಲರು. ಕಣ್ಣಿಗೆ ಕಾಣದ ಜೀವಾಣುಗಳ ಪ್ರಪಂಚದಲ್ಲಿಯೂ ಇದೇ ನ್ಯಾಯವು ನಡೆಯುತ್ತದೆಂಬುದನ್ನು ಗಣಿತಶಾಸ್ತ್ರವು ತೋರಿಸಿಕೊಟ್ಟಿದೆ. ಆ ಲೆಕ್ಕವನ್ನು ವಾಚಕರ ಮುಂದಿಡಬಯಸುತ್ತೇವೆ.

೧೯೫೦ರಲ್ಲಿ ಫ್ರಾನ್ಸಿನ ಜಾಕ್ ಮೊನೊ ಎಂಬ ವಿಜ್ಞಾನಿಯೂ, ಅಮೆರಿಕದಲ್ಲಿ ಆರನ್ ನೋವಿಕ್ ಮತ್ತು ಲಿಯೋ ಸಿಲಾರ್ಡ್ ಎಂಬವರೂ ಬೇರೆ ಬೇರೆಯಾಗಿ ಒಂದು ಸರಳ ಉಪಕರಣವನ್ನು ವಿವರಿಸಿದರು. ‘ಕೀಮೋಸ್ಟ್ಯಾಟ್’ ಎಂಬ ಹೆಸರನ್ನು ಅದಕ್ಕೆ ಇಟ್ಟವರು ನೋವಿಕ್ ಮತ್ತು ಸಿಲಾರ್ಡ್. ಅದೊಂದು ಪಾತ್ರೆ. ಒಂದು ನಳಿಗೆಯಿಂದ ಆಹಾರ ಬೆರೆತ ನೀರು ಎಡೆಬಿಡದೆ ಒಳಬರುತ್ತದೆ. ಅಷ್ಟೇ ನೀರು ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಹೊರಬೀಳುವ ನೀರು ಜೀವಾಣುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ಪಾತ್ರೆಯಲ್ಲಿ ನೆಲೆಸಬಯಸುವ ಜಾತಿಯು, ಕೊಚ್ಚಿಹೋದಷ್ಟನ್ನು ತನ್ನ ಸಂತಾನದಿಂದ ತುಂಬಿಕೊಳ್ಳಲೇಬೇಕು.

ಪ್ರತಿಯೊಂದು ಜಾತಿಗೂ ಎರಡು ಅಂಕೆಗಳು ಮುಖ್ಯವೆಂದು ಮೊನೊ ಕಂಡನು. ಒಂದು, ಆಹಾರ ಹೇರಳವಾಗಿರುವಾಗ ಅದು ಬೆಳೆಯುವ ಪರಮಾವಧಿ ವೇಗ. ಇನ್ನೊಂದು, ಆ ವೇಗದ ಅರ್ಧದಷ್ಟು ಬೆಳೆಯಲು ಬೇಕಾಗುವ ಆಹಾರದ ಪ್ರಮಾಣ. ಇದನ್ನು ‘ಅರ್ಧಮಟ್ಟ’ ಎನ್ನೋಣ. ಅರ್ಧಮಟ್ಟವನ್ನು ಹರಿವಿನ ವೇಗದಿಂದ ಗುಣಿಸಿ, ಪರಮಾವಧಿ ವೇಗದಲ್ಲಿ ಹರಿವನ್ನು ಕಳೆದು ಉಳಿದುದರಿಂದ ಭಾಗಿಸಿದರೆ, ಆ ಜಾತಿಯು ಕೇವಲ ನಿಭಾಯಿಸಿಕೊಂಡಿರಲು ಬೇಕಾದ ಆಹಾರದ ಮಟ್ಟ ದೊರೆಯುತ್ತದೆ.

ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿಕೊಳ್ಳೋಣ. ‘ಅ’ ಎಂಬ ಜಾತಿಯ ಪರಮಾವಧಿ ವೇಗ ಗಂಟೆಗೆ ೧, ಅರ್ಧಮಟ್ಟ ೪. ‘ಆ’ ಎಂಬುದರ ವೇಗ ೦.೬, ಅರ್ಧಮಟ್ಟ ೧. ಗಂಟೆಗೆ ಪಾತ್ರೆಯ ನೀರಿನ ಐದನೆಯ ಒಂದು ಪಾಲು, ಎಂದರೆ ೦.೨, ಹರಿಯುತ್ತಿರಲಿ. ಲೆಕ್ಕದಂತೆ ‘ಅ’ಗೆ ೧ರಷ್ಟು ಆಹಾರ ಬೇಕು, ‘ಆ’ಗೆ ೦.೫ ಸಾಕು. ‘ಆ’ ತಿನ್ನುತ್ತಾ ಬೆಳೆದು ನೀರಿನಲ್ಲಿಯ ಆಹಾರವನ್ನು ೦.೫ಕ್ಕೆ ಇಳಿಸಿಬಿಡುತ್ತದೆ. ವೇಗಶಾಲಿಯಾದ ‘ಅ’ ಹಸಿವಿನಿಂದ ಸೊರಗಿ ಕೊಚ್ಚಿಹೋಗುತ್ತದೆ. ಇಲ್ಲಿ ಯಾರೂ ಯಾರನ್ನೂ ಕಡಿಯಲಿಲ್ಲ, ಹೊಡೆಯಲಿಲ್ಲ. ಸ್ವಲ್ಪದರಲ್ಲಿ ಬಾಳಬಲ್ಲುದು ಗೆದ್ದಿತು, ಅಷ್ಟೆ.

ಇನ್ನು ಹರಿವನ್ನು ೦.೫ಕ್ಕೆ ಏರಿಸೋಣ. ಈಗ ‘ಅ’ಗೆ ಬೇಕಾದುದು ೪, ‘ಆ’ಗೆ ೫. ಗೆಲುವು ತಿರುಗುಮುರುಗಾಯಿತು! ಜೀವಾಣುಗಳೂ ಅವೇ, ಆಹಾರವೂ ಅದೇ. ನೀರಿನ ಓಟ ಮಾತ್ರ ಬದಲಾಗಿದೆ. ಯಾರು ಸಮರ್ಥರೆಂಬುದು ಪರಿಸ್ಥಿತಿಯನ್ನು ಬಿಟ್ಟು ಹೇಳಬಹುದಾದ ಮಾತಲ್ಲವೆಂಬುದು ಗಮನಾರ್ಹ.

ಇದು ಕಾಗದದ ಮೇಲಿನ ಮಾತಾಗಿಯೇ ಉಳಿಯಲಿಲ್ಲ. ೧೯೭೭ರಲ್ಲಿ ಷು, ಹಬೆಲ್, ವಾಲ್ಟ್‌ಮನ್ ಎಂಬವರು ಈ ನಿಯಮಕ್ಕೆ ಗಣಿತದ ಸಾಧನೆಯನ್ನು ಒದಗಿಸಿದರು. ೧೯೮೦ರಲ್ಲಿ ಹ್ಯಾನ್ಸೆನ್ ಮತ್ತು ಹಬೆಲ್ ಅದನ್ನು ಬ್ಯಾಕ್ಟೀರಿಯಗಳ ಮೇಲೆ ಪರೀಕ್ಷಿಸಿದರು. ಪ್ರತಿಯೊಂದು ಬಗೆಯನ್ನೂ ಮೊದಲು ಒಂಟಿಯಾಗಿ ಬೆಳೆಸಿ, ಅಂಕೆಗಳನ್ನು ಅಳೆದು, ಗೆಲ್ಲುವುದಾವುದೆಂದು ಮುಂಚಿತವಾಗಿ ಲೆಕ್ಕ ಹಾಕಿ, ಆಮೇಲೆ ಎರಡನ್ನೂ ಒಂದೇ ಪಾತ್ರೆಗೆ ಬಿಟ್ಟರು. ಲೆಕ್ಕ ಹೇಳಿದುದೇ ಗೆದ್ದಿತು. ಔಷಧಿಯೊಂದನ್ನು ಬೆರೆಸಿ ಎರಡರ ಮಟ್ಟವನ್ನೂ ಸಮಮಾಡಿದಾಗ ಎರಡೂ ಜೊತೆಯಲ್ಲಿ ಉಳಿದುವು.

ಹಾಗಾದರೆ ಕೆರೆ, ಸಮುದ್ರಗಳಲ್ಲಿ ಒಂದೇ ಜಾತಿಯ ಪಾಚಿ ಉಳಿಯದೆ ನೂರಾರು ಜಾತಿಗಳಿರುವುದೇಕೆ? ೧೯೬೧ರಲ್ಲಿ ಹಚಿನ್ಸನ್ ಎಂಬ ವಿದ್ವಾಂಸರು ಈ ಪ್ರಶ್ನೆಯನ್ನೆತ್ತಿ ಪ್ರಸಿದ್ಧಗೊಳಿಸಿದರು. ಅದಕ್ಕೊಂದು ಉತ್ತರವನ್ನು ೧೯೭೦ರ ದಶಕದಲ್ಲಿ ಡೇವಿಡ್ ಟಿಲ್‌ಮನ್ ಕೊಟ್ಟರು. ಅವರು ಆರಿಸಿಕೊಂಡ ಎರಡು ಸೂಕ್ಷ್ಮ ಪಾಚಿಗಳಲ್ಲಿ ಆಸ್ಟಿರಿಯೊನೆಲ್ಲ ಎಂಬುದಕ್ಕೆ ಅಲ್ಪ ಫಾಸ್ಫೇಟು ಸಾಕು. ಸೈಕ್ಲೊಟೆಲ್ಲ ಎಂಬುದಕ್ಕೆ ಅಲ್ಪ ಸಿಲಿಕೇಟು ಸಾಕು. ಒಂದಕ್ಕೆ ಒಂದರ ಅಭಾವ, ಇನ್ನೊಂದಕ್ಕೆ ಇನ್ನೊಂದರ ಅಭಾವವಿರುವ ನೀರಿನಲ್ಲಿ ಎರಡೂ ಕೂಡಿ ಬಾಳಿದುವು. ಕೊರತೆಗಳು ಬೇರೆಬೇರೆಯಾದಲ್ಲಿ ನೆರೆಹೊರೆಗೆ ಎಡೆಯುಂಟು.

ಈ ಲೆಕ್ಕದಿಂದ ನಮಗೇನು ಎಂದು ವಾಚಕರು ಕೇಳಬಹುದು. ನಮ್ಮ ಅಡಿಗೆಮನೆಯ ಮೋರಿಯ ನೀರು ಶುದ್ಧೀಕರಣದ ತೊಟ್ಟಿಯನ್ನು ಸೇರಿದಾಗ ಅದನ್ನು ಚೊಕ್ಕಟಮಾಡುವವು ಈ ಜೀವಾಣುಗಳೇ. ಅಮೋನಿಯವನ್ನು ತೆಗೆಯುವ ಜಾತಿಗಳು ಬಹು ನಿಧಾನವಾಗಿ ಬೆಳೆಯುತ್ತವೆ. ಓಟ ಹೆಚ್ಚಾದರೆ ಅವೇ ಮೊದಲು ಕೊಚ್ಚಿಹೋಗುತ್ತವೆ. ಅದಕ್ಕಾಗಿಯೇ ತಳಕ್ಕಿಳಿದ ಕೆಸರಿನ ದೊಡ್ಡ ಪಾಲನ್ನು ಇಂಜಿನಿಯರುಗಳು ತಿರುಗಿ ತೊಟ್ಟಿಗೆ ಸೇರಿಸುತ್ತಾರೆ. ನಿಧಾನವಾಗಿ ದುಡಿಯುವವರಿಗೂ ನಿಲ್ಲಲು ನೆಲೆ ಕೊಟ್ಟರೆ ಮಾತ್ರ ಊರಿನ ನೀರು ಶುದ್ಧವಾದೀತು.