ಹಳೆಯ ಕಡತದ ಕನ್ನಡ ಓದುವುದು ಹೇಗೆ?

ನಿಮ್ಮ ಶಾಲೆಯ ಹಳೆಯ ಸ್ಮರಣ ಸಂಚಿಕೆಯನ್ನು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಸಿ.ಡಿ.ಯಲ್ಲಿ ಇಟ್ಟಿದ್ದಾರೆ ಎಂದುಕೊಳ್ಳಿ. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ, ಅರ್ಥವಿಲ್ಲದ ಗೆರೆಗಳು ಕಾಣುತ್ತವೆ. ಕಡತ ಕೆಟ್ಟುಹೋಗಿದೆಯೇ? ಇಲ್ಲ.

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವೇ ಸಂಕೇತ ವ್ಯವಸ್ಥೆ. ಅದು ತಪ್ಪಿದರೆ ಪಠ್ಯ ಕಲಸುಮೇಲೋಗರವಾಗುತ್ತದೆ. ಜಪಾನಿನ ಹಳೆಯ 'ವಿಷುಯಲ್ ನಾವೆಲ್' ಆಟಗಳಿಗೂ ಇದೇ ತೊಂದರೆ. ಅವುಗಳ ಪಠ್ಯ ಸಾಮಾನ್ಯವಾಗಿ 'ಶಿಫ್ಟ್-ಜಿಸ್' ಸಂಕೇತದಲ್ಲಿದೆ. ಯೂನಿಕೋಡ್ ಅಲ್ಲದ ತಂತ್ರಾಂಶಗಳಿಗೆ ಜಪಾನಿ ಭಾಷೆ ಬಳಸುವಂತೆ ವಿಂಡೋಸ್‌ಗೆ ತಿಳಿಸಿದರೆ ಅನೇಕ ಆಟಗಳ ಪಠ್ಯ ಸರಿಹೋಗುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಆಯ್ಕೆಯೇ ಇಲ್ಲ. ನಮ್ಮ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು, ಅಷ್ಟೇ.

'ಉಪ್ಪಿನಂಗಡಿ' ಎಂಬ ಊರ ಹೆಸರನ್ನೇ ನೋಡಿ. ನುಡಿಯ ಹಳೆಯ ಕಡತದಲ್ಲಿ ಅದು ಹೀಗಿರುತ್ತದೆ:

71, 166, 224, 163, 192, 65, 85, 192, 114

71 ಎಂದರೆ 'ಉ'. 166 ಎಂದರೆ ಗುಡಿಸು ಸೇರಿದ 'ಪಿ'. 224 ಎಂದರೆ 'ಪ'ದ ಒತ್ತು. 163 ತಲೆಕಟ್ಟಿಲ್ಲದ 'ನ', 192 ತಲೆಕಟ್ಟು. ಅಂದರೆ ಇಲ್ಲಿರುವುದು ಅಕ್ಷರಗಳಲ್ಲ, ಅಕ್ಷರಗಳ ತುಂಡುಗಳು.

ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. 'ಪ್ಪಿ'ಗೆ ಅದರಲ್ಲಿ 3242 (ಪ), 3277 (ವಿರಾಮ), 3242 (ಪ), 3263 (ಗುಡಿಸು) ಎಂಬ ನಾಲ್ಕು ಸಂಖ್ಯೆಗಳು. ಆದ್ದರಿಂದ ಪರಿವರ್ತಕವು 'ಪಿ'ಯಿಂದ ಗುಡಿಸನ್ನು ಬಿಡಿಸಿ, ಒತ್ತಕ್ಷರದ ನಂತರ ಇಡಬೇಕು. 'ಸೂರ್ಯ' ಪದದಲ್ಲಿ ಇನ್ನೊಂದು ತೊಡಕು. ನುಡಿಯಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದೆ. ಯೂನಿಕೋಡಿನಲ್ಲಿ 'ರ' ಮೊದಲು, 'ಯ' ನಂತರ. ಒಂದಕ್ಕೊಂದು ಸಂಖ್ಯೆ ಬದಲಿಸುತ್ತ ಹೋದರೆ ಕೆಲಸ ಕೆಡುವುದು ಇಲ್ಲಿಯೇ.

ಪರಿವರ್ತಿಸುವ ಮುನ್ನ ಗಮನಿಸಿ:

1. ಮೂಲ ಕಡತದ ಪ್ರತಿ ಮಾಡಿ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.

2. ವರ್ಡ್ ಕಡತವನ್ನು ನೋಟ್‌ಪ್ಯಾಡಿಗೆ ನಕಲಿಸಬೇಡಿ. ಫಾಂಟಿನ ಮಾಹಿತಿ ಅಳಿದುಹೋಗುತ್ತದೆ. ಆಗ ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿಯುತ್ತದೆ.

3. ಮೊದಲು ಫಾಂಟ್ ಯಾವುದೆಂದು ನೋಡಿ. 'ಶ್ರೀಲಿಪಿ'ಯ ಸಂಖ್ಯೆಗಳು ನುಡಿಯಂತಿಲ್ಲ.

4. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಮುದ್ರಿತ ಪ್ರತಿಯೊಂದಿಗೆ ಹೋಲಿಸಿ.

ತಂತ್ರಾಂಶವೇ ತೆರೆಯದಿದ್ದರೆ? ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ಅವುಗಳಿಗೆ ಹಳೆಯ ಯಂತ್ರವನ್ನು ಅನುಕರಿಸುವ 'ಡಾಸ್‌ಬಾಕ್ಸ್' ಬೇಕು.

ಮಾಡಿ ನೋಡಿ: 'ಕನ್ನಡ' ಎಂಬುದು ನುಡಿಯಲ್ಲಿ 80, 192, 163, 192, 223, 113, 192. ಇದರಲ್ಲಿ ತಲೆಕಟ್ಟು ಎಷ್ಟು ಬಾರಿ ಬಂದಿದೆ? 'ನ'ದ ಒತ್ತು ಯಾವುದು? ವಿದ್ಯಾರ್ಥಿಗಳಿಂದಲೇ ಬಿಡಿಸಿ. ಬಳಿಕ ನಿಮ್ಮ ಶಾಲೆಯ ಕಪಾಟಿನಲ್ಲಿರುವ ಸಿ.ಡಿ.ಗಳನ್ನು ಹೊರತೆಗೆಯಿರಿ. ಕಡತದ ಸಂಕೇತವನ್ನು ಎಂದಾದರೂ ಬಿಡಿಸಬಹುದು, ಸಿ.ಡಿ.ಯೇ ಕೆಟ್ಟರೆ ಬಿಡಿಸಲು ಏನೂ ಉಳಿಯುವುದಿಲ್ಲ.