ಆಟದ ಕಂಪ್ಯೂಟರ್: ದುರಸ್ತಿಯೋ, ಬದಲಾವಣೆಯೋ?

ಮುಂಬಯಿ, ಪುಣೆ, ಚೆನ್ನೈ, ದಿಲ್ಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಎರಡು ಕೋಣೆಯ ಮನೆಗಳಲ್ಲಿ ಒಂದು ಮೂಲೆಯನ್ನು ಹಿಡಿದು ಕುಳಿತಿರುವ ಕಂಪ್ಯೂಟರ್ ಕೇವಲ ಆಟದ ಸಾಮಾನಾಗಿ ಉಳಿದಿಲ್ಲ. ಸಂಜೆಯ ಹೊತ್ತು ಮಗ ಅದರಲ್ಲಿ ಆಡುತ್ತಾನೆಂಬುದು ನಿಜ. ಆದರೆ ಅವನ ಕಾಲೇಜಿನ ಪ್ರಬಂಧ, ಪ್ರವೇಶ ಪರೀಕ್ಷೆಯ ಅರ್ಜಿ, ತಂದೆಯ ಆದಾಯ ತೆರಿಗೆಯ ವಿವರಪತ್ರ, ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ನಡೆದ ಮದುವೆ ಮುಂಜಿಗಳ ಭಾವಚಿತ್ರಗಳು, ಇಂದು ಇಲ್ಲದ ಅಜ್ಜಿಯ ದನಿ, ಎಲ್ಲವೂ ಅದೇ ಪೆಟ್ಟಿಗೆಯ ಒಡಲಿನಲ್ಲಿವೆ. ಅಂತಹ ಯಂತ್ರ ಏಳೆಂಟು ವರ್ಷಗಳ ಸೇವೆಯ ತರುವಾಯ ದಿನಕ್ಕೆರಡು ಬಾರಿ ತಾನಾಗಿ ನಿಂತುಹೋಗತೊಡಗಿದಾಗ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. "ಹೊಸದನ್ನೇ ಕೊಳ್ಳಬೇಕು" ಎಂಬುದು ಮಗನ ಪಕ್ಷ. "ಹಗಲಿರುಳು ಆಟವಾಡಿ ಕೆಡಿಸಿದವನು ನೀನೇ" ಎಂಬುದು ತಂದೆಯ ಪಕ್ಷ.

ಎರಡೂ ಪಕ್ಷಗಳು ರೋಗವೇನೆಂದು ಪರೀಕ್ಷಿಸದೆ ತೀರ್ಪು ಕೊಡುತ್ತಿವೆ. ಆಟದಿಂದ ಕಂಪ್ಯೂಟರ್ ಕೆಟ್ಟಿತೆಂಬುದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಹೃದ್ರೋಗ ತಜ್ಞರು ರೋಗಿಯನ್ನು ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯದ ದೌರ್ಬಲ್ಯವನ್ನು ಕಂಡುಹಿಡಿಯುವಂತೆ, ಆಟವು ಯಂತ್ರದ ಎಲ್ಲ ಅಂಗಗಳನ್ನೂ ಒಟ್ಟಿಗೆ ದುಡಿಸಿ ಮೊದಲೇ ಇದ್ದ ದೋಷವನ್ನು ಬಯಲಿಗೆ ತರುತ್ತದೆ. ಪತ್ರ ಬೆರಳಚ್ಚಿಸುವಾಗ ಸುಮ್ಮನಿರುವ ಯಂತ್ರ ಆಟದ ಹತ್ತನೆಯ ನಿಮಿಷಕ್ಕೆ ಕುಸಿದರೆ, ಅದು ಬಿಸಿ ಅಥವಾ ವಿದ್ಯುತ್ತಿನ ತೊಂದರೆಯ ಕಡೆಗೆ ಬೆರಳು ತೋರುತ್ತಿದೆ ಎಂದೇ ಮೊದಲು ಶಂಕಿಸಬೇಕು.

ಮಾತು ಸ್ಪಷ್ಟವಾಗಲೆಂದು ಒಂದು ನಿರ್ದಿಷ್ಟ ಯಂತ್ರವನ್ನು ತೆಗೆದುಕೊಳ್ಳಬಹುದು. 2017ರ ಸುಮಾರಿಗೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಜೋಡಿಸಿ ಕೊಡುತ್ತಿದ್ದ ಮಧ್ಯಮ ತರಗತಿಯ ಆಟದ ಕಂಪ್ಯೂಟರ್ ಸಾಮಾನ್ಯವಾಗಿ ಹೀಗಿರುತ್ತಿತ್ತು: ಇಂಟೆಲ್ ಐ5-7400 ಪ್ರೊಸೆಸರ್, ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ಡಿಡಿಆರ್4 ಮೆಮರಿ, ಒಂದು ಹಾರ್ಡ್ ಡಿಸ್ಕ್. ಪೆಟ್ಟಿಗೆಯ ಹಿಂಬದಿಯಲ್ಲಿ, ಅಂಗಡಿಯವನು ಉಳಿದ ಹಣಕ್ಕೆ ಹೊಂದಿಸಿ ಕೊಟ್ಟ ಅಗ್ಗದ ಒಂದು ಎಸ್‌ಎಂಪಿಎಸ್. ಈ ಕೊನೆಯ ಸಾಮಾನಿನ ಕಡೆಗೆ ಕೊಳ್ಳುವವರ ದೃಷ್ಟಿ ಹೋಗುವುದೇ ಇಲ್ಲ. ಮುಂದೆ ಹೆಚ್ಚಿನ ತೊಂದರೆ ಕೊಡುವುದೂ ಅದೇ.

ಯಾವ ಪರೀಕ್ಷೆಗೂ ಮುನ್ನ, ಯಂತ್ರ ಇನ್ನೂ ನಡೆಯುತ್ತಿರುವಾಗಲೇ, ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು. ಎಸ್‌ಎಂಪಿಎಸ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ; ಅಜ್ಜಿಯ ದನಿ ಸಿಗುವುದಿಲ್ಲ.

ಅನಂತರ ಲಕ್ಷಣಗಳನ್ನು ಬರೆದಿಡಬೇಕು. ವಿಂಡೋಸಿನಲ್ಲಿಯೇ ಇರುವ ರಿಲಯಬಿಲಿಟಿ ಮಾನಿಟರ್ ಎಂಬ ಪುಟ, ಯಾವ ದಿನ ಏನು ಕೆಟ್ಟಿತೆಂಬುದನ್ನು ಬ್ಯಾಂಕಿನ ಪಾಸ್‌ಬುಕ್ಕಿನಂತೆ ದಿನಾಂಕವಾರು ತೋರಿಸುತ್ತದೆ. ಯಾವ ಸೂಚನೆಯೂ ಇಲ್ಲದೆ, ಪ್ಲಗ್ ಕಿತ್ತಂತೆ ಯಂತ್ರ ಆರಿಹೋದರೆ ಎಸ್‌ಎಂಪಿಎಸ್ ಅಥವಾ ಅತಿಯಾದ ಬಿಸಿ ಕಾರಣವಿರಬಹುದು. ನೀಲಿ ಪರದೆ ಬಂದು, ಪ್ರತಿ ಬಾರಿಯೂ ಬೇರೆ ಬೇರೆ ಸಂಕೇತ ಕಾಣಿಸಿದರೆ ಮೆಮರಿಯನ್ನು ಶಂಕಿಸಬೇಕು. ಚಿತ್ರದಲ್ಲಿ ಬಣ್ಣದ ಚೌಕಗಳು ಚೆಲ್ಲಿದಂತೆ ಕಂಡರೆ, ಅಥವಾ ಪರದೆ ಕಪ್ಪಾಗಿ ಫ್ಯಾನ್ ಮಾತ್ರ ತಿರುಗುತ್ತಿದ್ದರೆ, ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್. ನಿಧಾನವಾಗಿ ಹೆಪ್ಪುಗಟ್ಟಿದಂತೆ ನಿಂತು, ಕಡತಗಳು ತೆರೆಯದಿದ್ದರೆ ಡಿಸ್ಕ್. ಇವು ಊಹೆಯ ಆರಂಭವೇ ಹೊರತು ಅಂತಿಮ ನಿರ್ಣಯವಲ್ಲ. ಈವೆಂಟ್ ವ್ಯೂವರಿನಲ್ಲಿ "ಕರ್ನೆಲ್-ಪವರ್ 41" ಎಂಬುದನ್ನು ಕಂಡೊಡನೆ ಎಸ್‌ಎಂಪಿಎಸ್ ಕೆಟ್ಟಿದೆಯೆಂದು ತೀರ್ಮಾನಿಸುವವರಿದ್ದಾರೆ. ಆ ಸಂಖ್ಯೆಯ ಅರ್ಥ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬಷ್ಟೇ. ಮರಣಪತ್ರದಲ್ಲಿ "ಉಸಿರು ನಿಂತಿತು" ಎಂದು ಬರೆದಂತೆ ಅದು, ಕಾರಣವನ್ನು ಹೇಳುವುದಿಲ್ಲ.

ಮೊದಲ ಚಿಕಿತ್ಸೆಗೆ ಹಣ ಬೇಕಾಗಿಲ್ಲ. ದಿಲ್ಲಿಯ ಧೂಳು, ಮುಂಬಯಿ ಚೆನ್ನೈಗಳ ಉಪ್ಪುಗಾಳಿ ಮತ್ತು ಮಳೆಗಾಲದ ತೇವ, ಇವು ಯಂತ್ರದ ಒಳಗೂ ವಾಸಿಸುತ್ತವೆ. ಪ್ಲಗ್ ಕಿತ್ತು, ಪೆಟ್ಟಿಗೆಯ ಮಗ್ಗುಲನ್ನು ತೆರೆದು, ಫ್ಯಾನುಗಳನ್ನು ಬೆರಳಿನಿಂದ ಹಿಡಿದುಕೊಂಡು ಮೆತ್ತನೆಯ ಕುಂಚದಿಂದಲೂ ಗಾಳಿಯಿಂದಲೂ ಧೂಳು ತೆಗೆಯಬೇಕು. ಮೆಮರಿ ಪಟ್ಟಿಗಳನ್ನು ಕಳಚಿ, ಸಂಪರ್ಕದ ಭಾಗವನ್ನು ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಇಷ್ಟರಿಂದಲೇ ಗುಣವಾದ ಯಂತ್ರಗಳು ಅನೇಕ. ಪ್ರೊಸೆಸರಿಗೂ ಅದರ ಮೇಲಿನ ಹೀಟ್ ಸಿಂಕಿಗೂ ನಡುವೆ ಹಚ್ಚಿದ ಪೇಸ್ಟ್ ವರ್ಷಗಳು ಕಳೆದಂತೆ ಒಣಗಿ ಬಿಸಿಯನ್ನು ದಾಟಿಸದಾಗುತ್ತದೆ. ಕೆಲವು ನೂರು ರೂಪಾಯಿಗಳ ಹೊಸ ಪೇಸ್ಟಿನಿಂದ ಇದನ್ನು ಸರಿಪಡಿಸಬಹುದು. ಐ5-7400 ತಾಳಬಲ್ಲ ಗರಿಷ್ಠ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್. ಅದರ ಸಮೀಪ ಬಂದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೇ ತಿಂಗಳ ಕೋಣೆಯೇ 36 ಡಿಗ್ರಿ ಇರುವಾಗ, ಗೋಡೆಗೆ ಒತ್ತಿಟ್ಟು ಮೇಲೆ ಬಟ್ಟೆ ಹೊದಿಸಿದ ಪೆಟ್ಟಿಗೆ ತಂಪಾಗಿರಬೇಕೆಂದು ಅಪೇಕ್ಷಿಸುವುದು ಅನ್ಯಾಯ.

ಮೆಮರಿಯ ಪರೀಕ್ಷೆಗೆ ಮೆಮ್‌ಟೆಸ್ಟ್86 ಎಂಬ ಉಚಿತ ಸಾಧನವಿದೆ. ಅದನ್ನು ಪೆನ್ ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಬೇಕು. ಅದರಲ್ಲಿ ಒಂದೇ ಒಂದು ತಪ್ಪು ಕಂಡರೂ ಕ್ಷಮಿಸಬಾರದು. ಕ್ಯಾಷ್ ಕೌಂಟರಿನಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೂ ಲೆಕ್ಕ ಸರಿಯಿಲ್ಲವೆಂದೇ ಅರ್ಥವಲ್ಲವೇ? ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಿದಾಗ ಅಪರಾಧಿ ಸಿಕ್ಕುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಇನ್ನೊಂದು ಉಚಿತ ಸಾಧನ ಡಿಸ್ಕಿನ ಆರೋಗ್ಯವನ್ನು ಹೇಳುತ್ತದೆ. ಅದು ಎಚ್ಚರಿಕೆ ಕೊಟ್ಟ ಡಿಸ್ಕನ್ನು ದುರಸ್ತಿ ಮಾಡಿಸುವ ಯೋಚನೆಯನ್ನೇ ಬಿಟ್ಟು ಎಸ್‌ಎಸ್‌ಡಿಯನ್ನು ಕೊಳ್ಳುವುದು ಲೇಸು.

ಎಸ್‌ಎಂಪಿಎಸ್ ವಿಷಯ ಸ್ವಲ್ಪ ಸೂಕ್ಷ್ಮ. ಜಿಟಿಎಕ್ಸ್ 1060ಕ್ಕೆ 120 ವಾಟ್, ಐ5-7400ಕ್ಕೆ 65 ವಾಟ್ ಎಂದು ತಯಾರಕರು ನಮೂದಿಸಿದ್ದಾರೆ. ಆದುದರಿಂದ ಹೆಸರಿಗೆ 500 ವಾಟಿನ ಎಸ್‌ಎಂಪಿಎಸ್ ಧಾರಾಳವಾಗಿ ಸಾಕಾಗಬೇಕು. ಆದರೆ ಅಗ್ಗದ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗೂ ಒಳಗಿನ ಶಕ್ತಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ವಯಸ್ಸಾದಂತೆ ಅದರ ಕೆಪಾಸಿಟರುಗಳು ಬತ್ತಿ, ಆಟ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದ ಕ್ಷಣದಲ್ಲಿ 12 ವೋಲ್ಟಿನ ಸಾಲು ಕುಗ್ಗುತ್ತದೆ, ಯಂತ್ರ ಆರುತ್ತದೆ. ಪರಿಚಿತರಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಒಂದು ದಿನದ ಮಟ್ಟಿಗೆ ಎರವಲು ತಂದು ಜೋಡಿಸಿ ನೋಡುವುದೇ ಸುಲಭ ಪರೀಕ್ಷೆ. ಅದನ್ನು ಬಿಚ್ಚಿ ಒಳಗೆ ಕೈಹಾಕುವ ಸಾಹಸ ಮಾತ್ರ ಕೂಡದು. ಪ್ಲಗ್ ಕಿತ್ತ ಮೇಲೂ ಪ್ರಾಣಾಪಾಯ ಉಂಟುಮಾಡಬಲ್ಲಷ್ಟು ವಿದ್ಯುತ್ ಅಲ್ಲಿ ಉಳಿದಿರುತ್ತದೆ. ಹಳೆಯ ಚಾಳುಗಳಲ್ಲಿಯೂ ಹಳೆಯ ಬಾಡಿಗೆ ಮನೆಗಳಲ್ಲಿಯೂ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸುವುದು ಅಗತ್ಯ. ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆಂದರೆ ತೊಂದರೆ ಕಂಪ್ಯೂಟರಿನದಲ್ಲ, ಮನೆಯದು. ಅದು ಇಡೀ ಕುಟುಂಬದ ಸುರಕ್ಷತೆಯ ಪ್ರಶ್ನೆ.

ರೋಗ ತಿಳಿದ ಮೇಲೆ ಹಣದ ಮಾತು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ, "ಅರವತ್ತು ಸಾವಿರ ಕೊಟ್ಟು ಕೊಂಡದ್ದು, ಹೇಗೆ ಬಿಡುವುದು?" ಎಂಬ ಹಿಂಜರಿಕೆ. ಕೊಟ್ಟ ಹಣ ಕೊಟ್ಟು ಹೋಯಿತು. ಮುಂದಿನ ನಿರ್ಧಾರದಲ್ಲಿ ಅದಕ್ಕೆ ಸ್ಥಾನವಿಲ್ಲ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿ ಡೆಸ್ಕ್‌ಟಾಪ್ ಕಂಪ್ಯೂಟರಿನ ಉಪಯುಕ್ತ ಆಯುಷ್ಯವನ್ನು 3 ವರ್ಷವೆಂದು ಹೇಳುತ್ತದೆ. ವ್ಯಾಪಾರಸ್ಥರ ಆದಾಯ ತೆರಿಗೆಯ ಲೆಕ್ಕದಂತೆ ವರ್ಷಕ್ಕೆ ಶೇಕಡಾ 40ರ ಸವಕಳಿ ಹಿಡಿದರೆ 60,000 ರೂಪಾಯಿಯ ಯಂತ್ರದ ಪುಸ್ತಕ ಬೆಲೆ 7 ವರ್ಷಗಳ ತರುವಾಯ ಸುಮಾರು 1,680 ರೂಪಾಯಿ ಮಾತ್ರ. ಮನೆಯ ಕಂಪ್ಯೂಟರಿಗೆ ಈ ಲೆಕ್ಕ ಕಾನೂನಿನಂತೆ ಅನ್ವಯಿಸದಿದ್ದರೂ ಮನಸ್ಸಿನ ಭಾರವನ್ನು ಇಳಿಸಲು ಉಪಯುಕ್ತ.

ಕೇಳಬೇಕಾದ ಪ್ರಶ್ನೆ ಬೇರೆ: ಮುಂದೆ ಸಿಗುವ ಪ್ರತಿಯೊಂದು ವರ್ಷದ ಸೇವೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ? ಉದಾಹರಣೆಗೆ, 5,000 ರೂಪಾಯಿಯ ದುರಸ್ತಿಯಿಂದ ಎರಡು ವರ್ಷ ನಡೆದರೆ ವರ್ಷಕ್ಕೆ 2,500. ಹೊಸದಕ್ಕೆ 80,000 ಕೊಟ್ಟು ಆರು ವರ್ಷ ನಡೆಸಿದರೆ ವರ್ಷಕ್ಕೆ ಸುಮಾರು 13,300. ಅದೇ ದುರಸ್ತಿ ಎರಡೇ ತಿಂಗಳು ಬಾಳಿದರೆ ವರ್ಷಕ್ಕೆ 30,000 ತೆತ್ತಂತೆ. ಆದ್ದರಿಂದಲೇ ರೋಗನಿರ್ಣಯವಿಲ್ಲದ ದುರಸ್ತಿ ಎಲ್ಲಕ್ಕಿಂತ ದುಬಾರಿ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಪೆಟ್ಟಿಗೆ, ಮಾನಿಟರ್, ಇವು ನಾಳೆ ಹೊಸ ಯಂತ್ರಕ್ಕೂ ಬರುವ ಸಾಮಾನುಗಳು. ಇವುಗಳಿಗೆ ಹಾಕಿದ ಹಣ ವೆಚ್ಚವಲ್ಲ, ಮುಂಗಡ. ಮದರ್‌ಬೋರ್ಡ್ ಹಾಗಲ್ಲ. 2017ರ ಐ5-7400 ಕೂರುವ ಬೋರ್ಡುಗಳು ಈಗ ಹಳೆಯ ಪೀಳಿಗೆಯವು. ಅದೇ ವರ್ಷದ ಕೊನೆಗೆ ಬಂದ 8ನೆಯ ಪೀಳಿಗೆಯ ಪ್ರೊಸೆಸರಿನ ಸಾಕೆಟ್ ನೋಡಲು ಅದೇ ಆದರೂ ಹಳೆಯ ಬೋರ್ಡಿನಲ್ಲಿ ಅದು ನಡೆಯುವಂತೆ ಇಂಟೆಲ್ ಬಿಡಲಿಲ್ಲ. ಹಳೆಯ ಬೋರ್ಡನ್ನು ವಾರಂಟಿಯಿಲ್ಲದೆ ಕೊಂಡು ಹಾಕುವುದು, ಮುಳುಗಿದ ಸಾಲದ ಖಾತೆಗೆ ಮತ್ತೊಂದು ಸಾಲ ಕೊಟ್ಟು ಅದನ್ನು ಜೀವಂತವೆಂದು ತೋರಿಸಿದಂತೆ. ಬೋರ್ಡ್ ಹೋಯಿತೆಂದು ಖಚಿತವಾದರೆ ಅಲ್ಲಿಗೆ ದುರಸ್ತಿಯ ಮಾತು ಮುಗಿಯಿತು. ಅದೇ ಕಾಲದಲ್ಲಿ ಎಎಂಡಿಯ ಎಎಂ4 ಬೋರ್ಡನ್ನು ಆರಿಸಿಕೊಂಡವರು ಅದೃಷ್ಟವಂತರು. 2017ರ ಅನೇಕ ಬೋರ್ಡುಗಳಲ್ಲಿ ಬಯೋಸ್ ನವೀಕರಿಸಿ ರೈಜೆನ್ 5000 ಸಾಲಿನ ಪ್ರೊಸೆಸರನ್ನು ಕೂರಿಸಲು ಸಾಧ್ಯ. ಹಳೆಯ ಮೆಮರಿಯೂ ಉಳಿಯುತ್ತದೆ.

ಯಂತ್ರ ಗಟ್ಟಿಯಿದ್ದರೂ ಹೊರಗಿನ ಲೋಕ ಬದಲಾಗಿದೆ ಎಂಬುದನ್ನು ಮರೆಯುವಂತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಐ5-7400 ಇಲ್ಲ. ಜಿಟಿಎಕ್ಸ್ 1060ರ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಒದಗಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿ, ಭದ್ರತೆಯ ತಿದ್ದುಪಡಿಗಳನ್ನು ಮಾತ್ರ 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ತಿಳಿಸಿತು. 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್: ದಿ ಡಾರ್ಕ್ ಏಜಸ್‌ನಂತಹ ಆಟಗಳು ರೇ ಟ್ರೇಸಿಂಗ್ ಸೌಲಭ್ಯವುಳ್ಳ ಕಾರ್ಡನ್ನೇ ಬೇಡುತ್ತವೆ. ಮಗ ಆಡುವುದು ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್‌ಗಳಂತಹವಾದರೆ ಹಳೆಯ ಕಾರ್ಡಿನಿಂದ ಅಡ್ಡಿಯಿಲ್ಲ. ಹೀಗಾಗಿ ಅವನು ಯಾವ ಆಟ ಆಡುತ್ತಾನೆಂದು ಕೇಳದೆ ಬಜೆಟ್ ಮಂಡಿಸುವುದು ತಂದೆಗೆ ಸಾಧ್ಯವಿಲ್ಲ. ಆದರೆ ಬ್ಯಾಂಕಿನ ವ್ಯವಹಾರ, ತೆರಿಗೆಯ ಕೆಲಸಗಳನ್ನು ಬೆಂಬಲ ತಪ್ಪಿದ ವಿಂಡೋಸಿನಲ್ಲಿ ನಡೆಸುವುದು ಸಲ್ಲದು. ಹಳೆಯ ಯಂತ್ರವನ್ನು ಆಟಕ್ಕೆ ಉಳಿಸಿಕೊಂಡರೂ ಹಣದ ಕೆಲಸವನ್ನು ಬೇರೆ ಸಾಧನಕ್ಕೆ ಸಾಗಿಸಬೇಕು.

ಕೊಳ್ಳುವುದನ್ನು ಮುಂದೂಡಿದರೆ ಲಾಭವೇ? 80,000 ರೂಪಾಯಿ ಶೇಕಡಾ 6ರ ಠೇವಣಿಯಲ್ಲಿ ವರ್ಷಕ್ಕೆ 4,800 ಗಳಿಸುತ್ತದೆ. ಕಂಪ್ಯೂಟರಿನ ಸಾಮಾನು ಸಾಧಾರಣವಾಗಿ ಕಾಲ ಕಳೆದಂತೆ ಅಗ್ಗವೂ ಆಗುತ್ತದೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮೆಮರಿಯ ಬೆಲೆ ತೀವ್ರವಾಗಿ ಏರಿ ಈ ನಿಯಮವನ್ನು ತಲೆಕೆಳಗು ಮಾಡಿತು. ಹೊಸ ಪ್ರೊಸೆಸರುಗಳಿಗೆ ಹೆಚ್ಚಾಗಿ ಡಿಡಿಆರ್5 ಬೇಕಾಗುವುದರಿಂದ, ಕೊಳ್ಳುವ ಮುನ್ನ ಅಂದಿನ ಮೆಮರಿ ದರವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಬಡ್ಡಿಯಿಲ್ಲದ ಕಂತು ಎಂಬ ಜಾಹೀರಾತಿಗೆ ಮರುಳಾಗಬಾರದು. ಶೂನ್ಯ ಬಡ್ಡಿಯೆಂಬುದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಸ್ಪಷ್ಟಪಡಿಸಿದೆ. ನಗದು ಕೊಟ್ಟರೆ ಎಷ್ಟು ರಿಯಾಯಿತಿಯೆಂದು ಕೇಳಿದಾಗ ಅಡಗಿದ ಬಡ್ಡಿ ಬಹುಶಃ ಕಾಣಿಸಿಕೊಳ್ಳುತ್ತದೆ.

ಇಷ್ಟನ್ನು ನೋಡಿದ ಮೇಲೆ ಆ 2017ರ ಯಂತ್ರದ ವಿಷಯದಲ್ಲಿ ತೀರ್ಮಾನ ಕಷ್ಟವಲ್ಲ. ದೋಷ ಧೂಳು, ಪೇಸ್ಟ್, ಎಸ್‌ಎಂಪಿಎಸ್, ಡಿಸ್ಕ್ ಇವುಗಳಲ್ಲಿದ್ದರೆ ದುರಸ್ತಿ ಮಾಡಿಸಿ, ಒಳ್ಳೆಯ ಎಸ್‌ಎಂಪಿಎಸ್ಸನ್ನೇ ಹಾಕಿಸಿ, ಹೊಸದಕ್ಕೆ ತಿಂಗಳು ತಿಂಗಳು ಆರ್.ಡಿ. ಕಟ್ಟತೊಡಗುವುದು ಸರಿ. ದೋಷ ಬೋರ್ಡಿನಲ್ಲಿದ್ದರೆ, ಅಥವಾ ಕಾರ್ಡ್ ಮತ್ತು ಮೆಮರಿ ಎರಡೂ ಕೈಕೊಟ್ಟಿದ್ದರೆ, ಬದಲಾವಣೆ. ಪರೀಕ್ಷೆಯ ತಿಂಗಳಿನಲ್ಲಿ ಯಂತ್ರ ಕುಸಿಯುತ್ತಿದ್ದರೆ ಲೆಕ್ಕವನ್ನು ಬದಿಗಿಟ್ಟು, ಎರವಲು ಲ್ಯಾಪ್‌ಟಾಪಾದರೂ ತರಬೇಕು. ಅರ್ಜಿಯ ಕೊನೆಯ ದಿನ ಯಾರ ಎಸ್‌ಎಂಪಿಎಸ್ಸಿಗೂ ಕಾಯುವುದಿಲ್ಲ.

ಹೊಸದು ಬಂದಾಗ ಹಳೆಯದನ್ನು ಗುಜರಿಯವನ ಗಾಡಿಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ನೋಂದಾಯಿತ ಮರುಬಳಕೆದಾರರ ಮೂಲಕವೇ ಅದು ವಿಲೇವಾರಿಯಾಗಬೇಕು. ಕೆಟ್ಟಿರದ ಮೆಮರಿ, ಕಾರ್ಡುಗಳಿಗೆ ಲ್ಯಾಮಿಂಗ್ಟನ್ ರಸ್ತೆಯಂತಹ ಕಡೆ ಇನ್ನೂ ಗಿರಾಕಿಗಳಿದ್ದಾರೆ. ಡಿಸ್ಕನ್ನು ಮಾತ್ರ ಯಾರಿಗೂ ಕೊಡದೆ ತೆಗೆದಿಟ್ಟುಕೊಳ್ಳಬೇಕು. ಅದು ಆರೋಗ್ಯವಾಗಿದ್ದರೆ ಕೆಲವು ನೂರು ರೂಪಾಯಿಗಳ ಯುಎಸ್‌ಬಿ ಕೇಸಿನಲ್ಲಿ ಕೂರಿಸಿದಾಗ, ಭಾವಚಿತ್ರಗಳ ಎರಡನೆಯ ಪ್ರತಿಯನ್ನಿಡಲು ಮನೆಯಲ್ಲೇ ಒಂದು ಡಿಸ್ಕ್ ದೊರೆತಂತಾಗುತ್ತದೆ.